ವಿದ್ಯುತ್ ಟ್ಯಾಕ್ಸಿಗೆ ಡೀಸೆಲ್ ಸದ್ದು ಇಟ್ಟುಕೊಳ್ಳಲು ಅನುಮತಿ ಕೋರಿ

ಇಂದ,
ಹೊಳಬಸಪ್ಪ ಶಿವಲಿಂಗಪ್ಪ ಹಂಚಿನಾಳ,
ವಯಸ್ಸು ಐವತ್ತಮೂರು, ಉದ್ಯೋಗ ಟ್ಯಾಕ್ಸಿ ಚಾಲನೆ,
ಚಾಳ ನಂ. 4, ಹಿಟ್ಟಿನ ಗಿರಣಿಯ ಹಿಂದಿನ ಗಲ್ಲಿ, ಹಡಪಸರ, ಪುಣೆ.
(ಮೂಲ ಊರು ಸಿಂದಗಿ ತಾಲೂಕು. ನಮೂನೆಯಲ್ಲಿ ಕೇಳಿಲ್ಲ, ಆದರೂ ಹೇಳಬೇಕಲ್ಲ.)

ಗೆ,
ಮಾನ್ಯ ಪರವಾನಿಗೆ ಅಧಿಕಾರಿಗಳು,
ಶುದ್ಧ ವಾಹನ ಟ್ಯಾಕ್ಸಿ ಪರವಾನಿಗೆ ಕಕ್ಷ,
ಮೂರನೇ ಮಹಡಿ (ಲಿಫ್ಟ್ ಬಂದ್ ಇರುವ ಕಟ್ಟಡ), ಪುಣೆ.

ವಿಷಯ: ಹೊಗೆ ಬಿಡದ ವಿದ್ಯುತ್ ಟ್ಯಾಕ್ಸಿಯಲ್ಲಿ, ದಿನಕ್ಕೆ ಒಮ್ಮೆ, ಸಂಜೆ, ಇಪ್ಪತ್ತು ಸೆಕೆಂಡುಗಳ ಮಟ್ಟಿಗೆ ಹಳೆಯ ಡೀಸೆಲ್ ಗಾಡಿಯ ಸದ್ದು ಮಾಡಲು ಅನುಮತಿ ಕೊಡುವ ಬಗ್ಗೆ ಹಾಗೂ ಸದರಿ ಸದ್ದಿನ ಕಾರಣದಿಂದ ನನ್ನ ಪರವಾನಿಗೆ ರದ್ದು ಮಾಡದಿರುವ ಬಗ್ಗೆ.

ಉಲ್ಲೇಖ: 1. ತಮ್ಮ ಕಚೇರಿಯ ಕಾರಣ ಕೇಳಿ ನೋಟಿಸು. (ಹದಿನೈದು ದಿನಗಳ ಗಡುವು. ಇಂದು ಹದಿನಾಲ್ಕನೆಯ ದಿನ.)
2. ನಾನು ಮರಾಠಿಯಲ್ಲಿ ಸಲ್ಲಿಸಿದ ಮೂರು ಅರ್ಜಿಗಳು.
3. ನನ್ನ ಪತ್ನಿ ಶ್ರೀಮತಿ ಚನ್ನಬಸವ್ವ ಇವರು ಅಡುಗೆಮನೆಯಲ್ಲಿ ಕೊಟ್ಟ ಮೌಖಿಕ ಎಚ್ಚರಿಕೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಅರ್ಜಿದಾರನಾದ ನಾನು ತಮ್ಮ ಘನ ಸನ್ನಿಧಿಯಲ್ಲಿ ಸವಿನಯವಾಗಿ, ಆದರೆ ಸ್ವಲ್ಪ ಸಿಟ್ಟಿನಿಂದ, ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮೊದಲು ಭಾಷೆಯ ವಿಚಾರ. ಪುಣೆಯ ಕಚೇರಿಗೆ ಕನ್ನಡದಲ್ಲಿ ಅರ್ಜಿ ಯಾಕೆ ಎಂದು ತಾವು ಕೇಳಬಹುದು. ಮರಾಠಿಯಲ್ಲಿ ಬರೆದ ನನ್ನ ಮೊದಲನೆಯ ಅರ್ಜಿ ‘ವಿಷಯ ಅಸ್ಪಷ್ಟ’ ಎಂಬ ಷರಾದೊಂದಿಗೆ ವಾಪಸು ಬಂತು. ಹಾಗಾಗಿ ಎರಡನೆಯದನ್ನು ಸ್ಪಷ್ಟವಾಗಿ ಬರೆದೆ. ಅದು ‘ವಿಷಯ ಖಾಸಗಿ’ ಎಂದು ವಾಪಸು ಬಂತು. ಮೂರನೆಯದು ವಾಪಸೇ ಬರಲಿಲ್ಲ. ನಾನೇ ಹೋಗಿ ಹುಡುಕಿದಾಗ ಅದರ ಮೇಲೆ ಚಹಾದ ಗ್ಲಾಸು ಕೂತಿತ್ತು. ಆಗ ತಮ್ಮದೇ ಕಕ್ಷದ ಗುಮಾಸ್ತರೂ ನಮ್ಮ ಇಂಡಿ ಕಡೆಯವರೂ ಆದ ಕೃಷ್ಣಾಜಿಯವರು ನನ್ನನ್ನು ಪಕ್ಕಕ್ಕೆ ಕರೆದು, “ಹಂಚಿನಾಳ ಅವರ, ಕನ್ನಡದಾಗ ಬರೀರಿ. ಇಲ್ಲಿ ಒಬ್ಬರಿಗೂ ತಿಳಿಯಂಗಿಲ್ಲ. ತಿಳೀದ ಅರ್ಜಿಗೆ ಆಕ್ಷೇಪಣಾ ಹಾಕೋ ಧೈರ್ಯ ನಮ್ಮ ಆಫೀಸಿನ್ಯಾಗ ಯಾರಿಗೂ ಇಲ್ಲ. ಅನುವಾದ ನಾ ಮಾಡತೀನಿ, ಬೇಕಾದಷ್ಟ” ಎಂದರು. ಆದ್ದರಿಂದ ಕನ್ನಡ.

2. ನಾನು ಇಪ್ಪತ್ತೇಳು ವರ್ಷಗಳಿಂದ ಈ ನಗರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೇನೆ. ವಾರದ ದಿನಗಳಲ್ಲಿ ಖರಾಡಿಯ ಕಂಪನಿಗಳ ಹುಡುಗರನ್ನು ಒಯ್ದು ಬಿಡುವುದು, ರವಿವಾರ ನಮ್ಮ ಕಡೆಯಿಂದ ಬಂದ ಭಕ್ತರನ್ನು ಸಾಸವಡದ ಮೇಲಿಂದ ಜೇಜುರಿಗೆ ಕರೆದುಕೊಂಡು ಹೋಗುವುದು, ಇದೇ ನನ್ನ ಕಾಯಕ. ಇಷ್ಟೂ ವರ್ಷ ನನ್ನ ಬಳಿ ಇದ್ದದ್ದು ಡೀಸೆಲ್ ಗಾಡಿ. ಮೊದಲು ಒಂದು, ಅದು ಹೋದ ಮೇಲೆ ಅದಕ್ಕಿಂತ ಜೋರಿನದು ಇನ್ನೊಂದು. ಸದರಿ ಎರಡನೆಯ ಗಾಡಿಯ ಸದ್ದು ಹೇಗಿತ್ತೆಂದರೆ, ಅದು ನಿಂತಾಗ ಜನ “ಏನಾತು?” ಎಂದು ಹೊರಗೆ ಬಂದು ನೋಡುತ್ತಿದ್ದರು. ಹೊಗೆಯೂ ಇತ್ತು. ಸುಳ್ಳು ಹೇಳುವುದಿಲ್ಲ. ನಮ್ಮ ಗಲ್ಲಿಯಲ್ಲಿ ಬಿಳಿ ಅಂಗಿ ಒಣಹಾಕುವವರು ನನ್ನ ವೇಳೆ ನೋಡಿ ಹಾಕುತ್ತಿದ್ದರು.

3. ಹೀಗಿರುವಾಗ, ತಮ್ಮ ಕಕ್ಷವು ಹೊಸ ನಿಯಮ ತಂದಿತು. ಇನ್ನು ಮುಂದೆ ಡೀಸೆಲ್ ಟ್ಯಾಕ್ಸಿಗಳ ಪರವಾನಿಗೆ ನವೀಕರಣ ಇಲ್ಲ. ಬ್ಯಾಟರಿಯ ಗಾಡಿ ತಂದವರಿಗೆ ಮಾತ್ರ ಪರವಾನಿಗೆ. ಉಳಿದ ಚಾಲಕರು ಮೋರ್ಚಾ ತೆಗೆದರು. ನಾನು ತೆಗೆಯಲಿಲ್ಲ. ಕಾಯ್ದೆ ಅಂದರೆ ಕಾಯ್ದೆ ಎಂಬುದು ನನ್ನ ಸ್ವಭಾವ. ಮನೆಯಲ್ಲಿಯೂ ನನ್ನ ಸ್ವಭಾವ ಅದೇ ಎಂದು ಇತ್ತೀಚೆಗೆ ತಿಳಿದುಬಂದಿದೆ. ಆ ವಿಷಯ ಮುಂದೆ ಬರುತ್ತದೆ. ಹಳೆಯ ಗಾಡಿಯನ್ನು ಮುರಿಯುವವರ ಹತ್ತಿರ ಒಯ್ದು ಬಿಟ್ಟು, ಅದು ಕೊನೆಯ ಸಲ ಕೆಮ್ಮಿ ಸುಮ್ಮನಾಗುವವರೆಗೆ ನಿಂತು, ಹೊಸ ವಿದ್ಯುತ್ ಗಾಡಿ ತಂದು, ಹಸಿರು ನಂಬರ್ ಪಾಟಿಯ ಮೇಲೆ ಹಳದಿ ಅಕ್ಷರ ಬರೆಸಿ, ಜೇಜುರಿಗೆ ಒಯ್ದು ಪೂಜೆ ಮಾಡಿಸಿದೆ. ಅಲ್ಲಿ ಭಕ್ತರು ಹಾರಿಸಿದ ಅರಿಷಿಣದ ಭಂಡಾರದಿಂದ ಹಸಿರು ಪಾಟಿಯೂ ಹಳದಿ, ಅಕ್ಷರವೂ ಹಳದಿ ಆಗಿ, ಸಾಸವಡದಲ್ಲಿ ಒಬ್ಬ ಪೊಲೀಸರು “ನಂಬರ್ ಎಲ್ಲಿ?” ಎಂದು ಕೇಳಿದರು. ಒರೆಸಿ ತೋರಿಸಿದೆ. ಆ ದಿನದವರೆಗೆ ಎಲ್ಲವೂ ಕಾಯ್ದೆಶೀರವೇ ಇತ್ತು.

4. ಹೊಸ ಗಾಡಿಯ ಬಗ್ಗೆ ದೂರಿಲ್ಲ. ಹೊಗೆ ಇಲ್ಲ, ನಡುಕ ಇಲ್ಲ. ಸದ್ದಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ, ಹಿಂದಿನ ಸೀಟಿನಲ್ಲಿ ಕೂತವರು ಮಾತಾಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಈಗ ಎಲ್ಲ ಕೇಳಿಸುತ್ತದೆ. ಜೇಜುರಿಯ ದಾರಿಯಲ್ಲಿ ಒಬ್ಬ ಅಜ್ಜಿ ಐದು ಮೈಲಿ ಹೋದ ಮೇಲೆ, “ತಮ್ಮಾ, ಗಾಡಿ ಚಾಲೂ ಮಾಡಪ್ಪ, ಹೊತ್ತಾತು” ಎಂದಳು. ಇರಲಿ. ದೂರು ಗಾಡಿಯ ಬಗ್ಗೆ ಅಲ್ಲ. ದೂರು ರೊಟ್ಟಿಯಿಂದ ಶುರು ಆಗುತ್ತದೆ.

5. ರೊಟ್ಟಿಯ ವಿವರ. ನನಗೂ ಚನ್ನಬಸವ್ವಗೂ ಲಗ್ನವಾಗಿ ಇಪ್ಪತ್ನಾಲ್ಕು ವರ್ಷ. ಮೊದಲ ವರ್ಷದಿಂದಲೇ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸಂಜೆ ಏಳರ ಸುಮಾರಿಗೆ ನನ್ನ ಗಾಡಿ ಗಿರಣಿಯ ಮೂಲೆಯಲ್ಲಿ ಎರಡನೇ ಗೇರಿಗೆ ಬಿದ್ದು ಅರಚುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಆಕೆ ಹಂಚು ಒಲೆಗೇರಿಸಿ ಹಿಟ್ಟು ನಾದಲು ಕೂರುತ್ತಿದ್ದಳು. ನಾನು ಗಾಡಿ ಬದಿಗೆ ಹಚ್ಚಿ, ಕಾಲು ತೊಳೆದು, ಮಣೆಯ ಮೇಲೆ ಕೂರುವುದಕ್ಕೂ ಮೊದಲ ಬಿಸಿ ಜೋಳದ ರೊಟ್ಟಿ ಉಬ್ಬಿ ತಾಟಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನ ತಪ್ಪಿದ್ದಿಲ್ಲ. ಫೋನ್ ಇಲ್ಲ, ನಿರೋಪ ಇಲ್ಲ. ಇದನ್ನು ನಾನು ನಮ್ಮ ದಾಂಪತ್ಯದ ಹೊಂದಾಣಿಕೆ ಎಂದು ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಈಗ ಆ ನಾಲ್ಕು ಮಂದಿಯ ಮುಖ ನೋಡಲು ನಾಚಿಕೆ ಆಗುತ್ತದೆ.

6. ಹೊಸ ಗಾಡಿ ಬಂದ ಮೊದಲ ದಿನ, ನಾನು ಬಂದು ಮಣೆಯ ಮೇಲೆ ಕೂತರೂ ಹಂಚು ಗೋಡೆಗೇ ಇತ್ತು. “ಅಯ್ಯ, ಯಾವಾಗ ಬಂದ್ರಿ?” ಎಂದಳು. ಎರಡನೆಯ ದಿನವೂ ಅದೇ. ಇದು ಆಡಳಿತಾತ್ಮಕ ಬದಲಾವಣೆಯ ಕಾಲದ ಸಹಜ ತೊಂದರೆ ಎಂದು ನಾನು ಸುಮ್ಮನಿದ್ದೆ. ಮೂರನೆಯ ದಿನ ಖರಾಡಿಯ ಒಂದು ಬಾಡಿಗೆ ರದ್ದಾದ್ದರಿಂದ ಮುಕ್ಕಾಲು ತಾಸು ಮೊದಲೇ ಬಂದೆ. ಗಾಡಿ ಬಾಗಿಲಿಗೆ ಬಂದು ನಿಂತರೂ ಒಂದು ನಾಯಿ ಕೂಡ ತಿರುಗಿ ನೋಡಲಿಲ್ಲ. ಒಳಗಿನಿಂದ ನಗುವ ಸದ್ದು ಬರುತ್ತಿತ್ತು. ಹೆಂಗಸರು ಬಿದ್ದು ಬಿದ್ದು ನಗುವ ಸದ್ದು. ಯಾರದೋ ಮನೆಗೆ ಬಂದೆನೇನೋ ಎಂದು ಬಾಗಿಲ ಮೇಲಿನ ನಂಬರ್ ನೋಡಿದೆ. ನಂಬರ್ ನನ್ನದೇ ಇತ್ತು.

7. ಕಿಟಕಿಯಿಂದ ಕಂಡದ್ದನ್ನು, ಸಾಕ್ಷಿದಾರನಾಗಿ, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಚಾಳದ ಐದಾರು ಮಂದಿ ಹೆಂಗಸರು ನೆಲದ ಮೇಲೆ ಕೂತಿದ್ದರು. ಪಕ್ಕದ ಮನೆಯ ಶೈಲಾಬಾಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಡುವೆ ಚನ್ನಬಸವ್ವ ನಿಂತಿದ್ದಳು. ಸೀರೆಯ ಮೇಲೆ ನನ್ನ ಖಾಕಿ ಅಂಗಿ. ಕೈಯಲ್ಲಿ ಸ್ಟೇರಿಂಗ್ ಹಿಡಿದ ಹಾಗೆ ಊಟದ ತಾಟು. ನನ್ನ ಧ್ವನಿಯಲ್ಲಿ ಗುರ್ ಗುರ್ ಎಂದು ಗಾಡಿ ಹಿಂದಕ್ಕೆ ತೆಗೆಯುತ್ತಿದ್ದಳು. ಆಮೇಲೆ ಮಣೆಯ ಮೇಲೆ ಕೂತು, ಇಲ್ಲದ ರೊಟ್ಟಿಯೊಂದನ್ನು ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, “ಏ ಚನ್ನವ್ವಾ, ಇವತ್ತ ಅಂಚಿಗಿ ಯಾಕ ದಪ್ಪಾಗೇದ? ಕಾರಣ ಏನು?” ಎಂದಳು. ಹೆಂಗಸರು ಒಬ್ಬರ ಮೇಲೊಬ್ಬರು ಉರುಳಿದರು. ಆಕೆಯೂ ಬಾಯಿ ತುಂಬ ನಕ್ಕಳು. ಆಗ ಆಕೆಯ ಬಲಗಡೆಯ ಹಿಂದಿನ ಒಂದು ದವಡೆ ಹಲ್ಲು ಇಲ್ಲದ್ದು ನನಗೆ ಕಂಡಿತು. ಮಾನ್ಯರೇ, ಆ ಹಲ್ಲು ಯಾವಾಗ ಹೋಯಿತು ಎಂದು ನನಗೆ ಗೊತ್ತಿಲ್ಲ. ಆಮೇಲೆ ಕೇಳಿದಾಗ, “ಎರಡು ವರ್ಷಾತು ತೆಗಿಸಿ” ಎಂದಳು. ಎರಡು ವರ್ಷದಲ್ಲಿ ಆಕೆ ನನ್ನೆದುರು ಅಷ್ಟು ಬಾಯಿ ತೆರೆದು ಒಮ್ಮೆಯೂ ನಕ್ಕಿಲ್ಲ ಎಂದು ಇದರಿಂದ ಸಾಬೀತಾಗುತ್ತದೆ.

8. ಅಷ್ಟರಲ್ಲಿ ಶೈಲಾಬಾಯಿ ಕಿಟಕಿಯಲ್ಲಿ ನನ್ನ ಮುಖ ನೋಡಿ “ಅಗ ಬಾಯೀ!” ಎಂದು ಚೀರಿದಳು. ನಗು ನಳ ಬಂದ್ ಮಾಡಿದ ಹಾಗೆ ನಿಂತಿತು. ಹೆಂಗಸರು ಚಪ್ಪಲಿ ಅದಲುಬದಲು ಮಾಡಿಕೊಂಡು ಓಡಿದರು. ಚನ್ನಬಸವ್ವ ಅಂಗಿ ಕಳೆದು ಗೂಟಕ್ಕೆ ಹಾಕಿ, ತಾಟು ಕೆಳಗಿಟ್ಟು, ನನಗೇ ಬೈದಳು. “ಕಳ್ಳನಂಗ ಯಾಕ ಬರತೀರಿ? ಗಂಡಸರು ಮನಿಗಿ ಬರೋಮುಂದ ಒಂದೀಟ ಗೊತ್ತಾಗಬ್ಯಾಡೇನ್ರಿ?” ಎಂದಳು. ಉಲ್ಲೇಖ ಮೂರರ ಮೌಖಿಕ ಎಚ್ಚರಿಕೆ ಇದೇ. ನನಗೂ ಸಿಟ್ಟು ಬಂತು. ನನ್ನ ಮನೆಗೆ ನಾನು ಬರಲು ವರ್ದಿ ಕೊಡಬೇಕೇ ಎಂದು ಕೇಳಿದೆ. ಆಕೆ ಒಲೆಯ ಕಡೆ ತಿರುಗಿದಳು. ಅಂದಿನಿಂದ ಹನ್ನೊಂದು ದಿನ ಉತ್ತರ ಕೊಡಲಿಲ್ಲ.

9. ಸದರಿ ಹನ್ನೊಂದು ದಿನಗಳಲ್ಲಿ ಆದ ಹಾನಿ ಇಂತಿದೆ. ನಾನು ಯಾವ ಗಳಿಗೆಯಲ್ಲಿ ಬಂದು ನಿಲ್ಲುತ್ತೇನೋ ಎಂಬ ಹೆದರಿಕೆಯಿಂದ ಹೆಂಗಸರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಶೈಲಾಬಾಯಿ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಚನ್ನಬಸವ್ವ ಮಧ್ಯಾಹ್ನವೇ ರೊಟ್ಟಿ ಮಾಡಿ ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚತೊಡಗಿದಳು. ನಾನು ಯಾವಾಗ ಬಂದರೂ ಊಟ ತಯಾರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ನೀರು. ಕಾಯ್ದೆಯ ಪ್ರಕಾರ ಆಕೆಯ ಮೇಲೆ ಒಂದು ಆಕ್ಷೇಪಣೆ ಹಾಕಲು ಬರುವಂತಿರಲಿಲ್ಲ. ನಾನು ಕಡಿಯುವ ಕಟಂ ಕಟಂ ಸದ್ದೊಂದೇ ಮನೆಯಲ್ಲಿ. ಏನ್ ಹೇಳಲಿ ಸಾಹೇಬರ, ಹಲ್ಲು ನೋವಾದವು. ಹೊಟ್ಟೆ ತುಂಬುತ್ತಿತ್ತು, ಮನಸ್ಸಿಗೆ ಮಾತ್ರ ಭಾಳ ತ್ರಾಸಾಯಿತು. (ಕಚೇರಿಯ ಭಾಷೆ ತಪ್ಪಿದ್ದಕ್ಕೆ ಕ್ಷಮೆ ಇರಲಿ.)

10. ಹಾರ್ನ್ ಹೊಡೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೊಡೆದೆ. ಪುಣೆಯಲ್ಲಿ ಹಾರ್ನ್ ಕೇಳಿ ಯಾರೂ ತಲೆ ಎತ್ತುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎಂದರೆ, ಅದನ್ನೂ ಮಾಡಿದೆ. ಆಕೆ ಎತ್ತಲಿಲ್ಲ. ಶೈಲಾಬಾಯಿಯ ಮುಖಾಂತರ, ಅದೂ ಬಾಗಿಲ ಹಿಂದಿನಿಂದ, “ಫೋನ್ ಮಾಡಿ ಬರ್ಲಿಕ್ಕೆ ಅವರೇನು ಬೀಗರೇನು?” ಎಂಬ ಉತ್ತರ ಬಂತು.

11. ಇಂಥ ಸಂದರ್ಭದಲ್ಲಿ ನನ್ನ ನಿತ್ಯದ ಗಿರಾಕಿ, ಹಾಸನ ಕಡೆಯ ಹುಡುಗ, ಖರಾಡಿಯ ಕಂಪನಿಯಲ್ಲಿರುವ ಶಮಂತ್, “ಯಾಕ್ ಅಂಕಲ್, ಡಲ್ ಇದೀರಾ?” ಎಂದು ಕೇಳಿದ. ಹೇಳಬಾರದೆಂದುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ಸೀಟಿನಲ್ಲೇ ಎದ್ದು ಕೂತ. “ಅಂಕಲ್! ನಿಮ್ ಹಳೇ ಗಾಡಿ ಸೌಂಡ್ ನನ್ ಹತ್ರ ಇದೆ! ಮೀಟಿಂಗ್ ರೆಕಾರ್ಡಿಂಗ್‌ನಲ್ಲಿ ಫುಲ್ ಬಂದಿದೆ, ನಮ್ಮ ಮ್ಯಾನೇಜರ್ ಬೈದಿದ್ರು” ಎಂದ. ವಿಷಯ ಏನೆಂದರೆ, ಹೋದ ವರ್ಷ ಅವನು ನನ್ನ ಡೀಸೆಲ್ ಗಾಡಿಯಲ್ಲಿ ಕೂತೇ ಫೋನಿನ ಮೇಲೆ ಒಂದು ದೊಡ್ಡ ಮೀಟಿಂಗ್ ಮಾಡಿದ್ದ. ಅದರಲ್ಲಿ ಅವನ ಮಾತು ಒಂದಕ್ಷರ ಕೇಳಿಸುವುದಿಲ್ಲ, ನನ್ನ ಗಾಡಿ ಮಾತ್ರ ಸ್ಪಷ್ಟವಾಗಿದೆ. ಎರಡನೇ ಗೇರು, ಅದರ ಅರಚಾಟ, ಕೊನೆಯ ಕೆಮ್ಮು, ಎಲ್ಲ. ಗಾಡಿ ಬದಿಗೆ ನಿಲ್ಲಿಸಿ ಇನ್ನೊಮ್ಮೆ ಹಾಕಿಸಿ ಕೇಳಿದೆ. ಆ ಹುಡುಗ ಅದನ್ನು ಕತ್ತರಿಸಿ ಇಪ್ಪತ್ತು ಸೆಕೆಂಡು ಮಾಡಿ, ಒಂದು ಸಣ್ಣ ಸ್ಪೀಕರ್ ಡಬ್ಬಿಯಲ್ಲಿ ಹಾಕಿ, ಬಾನೆಟ್ಟಿನ ಕೆಳಗೆ ಕೂರಿಸಿ, ಸ್ಟೇರಿಂಗ್ ಬದಿಗೆ ಬಟನ್ ಕೊಟ್ಟ. ಒಂದೇ ಕುಂದು. ಹದಿನಾಲ್ಕನೇ ಸೆಕೆಂಡಿಗೆ ಒಬ್ಬ ಗಂಡಸು ಸಣ್ಣಗೆ, “ಶಮಂತ್, ಪ್ಲೀಸ್ ಮ್ಯೂಟ್” ಎನ್ನುತ್ತಾನೆ. ಅದನ್ನು ತೆಗೆಯಲು ಹೋದರೆ ಗೇರಿನ ಅರಚಾಟವೂ ಹೋಗುತ್ತದೆ ಎಂದ. ಇರಲಿ ಬಿಡು ಎಂದೆ.

12. ಹನ್ನೆರಡನೆಯ ದಿನ ಸಂಜೆ, ಗಿರಣಿಯ ಮೂಲೆಯಲ್ಲಿ ಬಟನ್ ಒತ್ತಿದೆ. ನನ್ನ ಹಳೆಯ ಗಾಡಿ ಗಲ್ಲಿಯಲ್ಲಿ ಬಂತು. ಕಟ್ಟೆಯ ಮೇಲಿದ್ದ ಮುದುಕರು ಎದ್ದು ನಿಂತರು. ಗಿರಣಿಯವನು, “ಹೊಳಬಸಪ್ಪಾ, ಅದನ್ನ ಮುರಿಸಿದ್ದಿ ಅಲ್ಲ?” ಎಂದು ಬಾಯಿ ತೆರೆದ. ನಾನು ಮನೆ ಮುಟ್ಟುವಷ್ಟರಲ್ಲಿ ಹಂಚು ಒಲೆಯ ಮೇಲಿತ್ತು! ಮೊದಲ ಬಿಸಿ ರೊಟ್ಟಿ ತಾಟಿಗೆ ಬಿತ್ತು. ಚನ್ನಬಸವ್ವ ಹನ್ನೊಂದು ದಿನದ ಮೇಲೆ ಮೊದಲ ಮಾತು ಆಡಿದಳು: “ಶಮಂತ್ ಅಂದ್ರ ಯಾರ್ರಿ?”

13. ಮರುದಿನದಿಂದ ಹೆಂಗಸರೂ ಮತ್ತೆ ನಮ್ಮ ಮನೆಗೆ ಬರತೊಡಗಿದರು. ಈ ಸುಖ ನಾಲ್ಕು ದಿನ ಇತ್ತು. ಐದನೆಯ ದಿನ ತಮ್ಮ ಕಕ್ಷದ ತಪಾಸಣೆ ತಂಡ ಗಿರಣಿಯ ಮೂಲೆಯ ಮುಂದೆಯೇ ನಿಂತಿತ್ತು. ನಿರೀಕ್ಷಕ ಶ್ರೀ ಸ್ವಪ್ನಿಲ್ ಇವರು ತರುಣರು, ಪ್ರಾಮಾಣಿಕರು, ಅದೇ ತೊಂದರೆ ಆಯಿತು. ಹಸಿರು ಪಾಟಿಯ ಗಾಡಿ ಡೀಸೆಲ್ ಸದ್ದು ಮಾಡಿದ್ದನ್ನು ಕೇಳಿ ಓಡಿ ಬಂದು ಅಡ್ಡ ನಿಂತರು. “ಕಾಕಾ, ಇಂಜಿನ್ ಕುಠಂ ಲಪವಲಂಯ್?” ಎಂದರು, ಅಂದರೆ ಇಂಜಿನ್ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು. ಬಾನೆಟ್ ತೆಗೆಸಿದರು. ಇಂಜಿನ್ ಇಲ್ಲ. ಡಿಕ್ಕಿ ತೆಗೆಸಿದರು. ಅಲ್ಲಿ ಬಾಯಿ ಬಿಚ್ಚಿದ ಭಂಡಾರದ ಚೀಲ. ಇಸ್ತ್ರಿ ಮಾಡಿದ ಅಂಗಿಯಲ್ಲೇ ಗಾಡಿಯ ಕೆಳಗೆ ಮಲಗಿ ಹೊಗೆಯ ನಳಿಗೆ ಹುಡುಕಿದರು. ಹೊಗೆ ಅಳೆಯುವ ಯಂತ್ರದ ಕೊಳವೆ ಹಿಡಿದುಕೊಂಡು ಗಾಡಿಯ ಸುತ್ತ ಎರಡು ಸುತ್ತು ಬಂದರು, ಸೇರಿಸಲು ತೂತು ಸಿಗಲಿಲ್ಲ. ಅದೇ ಹೊತ್ತಿಗೆ ನನ್ನ ಮೊಣಕೈ ತಗುಲಿ ಬಟನ್ ಮತ್ತೆ ಒತ್ತಿಕೊಂಡಿತು. ಸರಿಯಾಗಿ ಹದಿನಾಲ್ಕು ಸೆಕೆಂಡಿಗೆ ಬಾನೆಟ್ಟಿನ ಒಳಗಿನಿಂದ ಮನುಷ್ಯನ ಧ್ವನಿ ಬಂತು. ಸಾಹೇಬರು ಮೂರು ಹೆಜ್ಜೆ ಹಿಂದೆ ಸರಿದು, ಒಳಗೆ ಇರುವ ವ್ಯಕ್ತಿ ಹೊರಗೆ ಬರಬೇಕೆಂದು ಮೂರು ಸಲ ಆಜ್ಞೆ ಮಾಡಿದರು. ಪಂಚನಾಮೆಯಲ್ಲಿ ಈ ಭಾಗ ಯಾಕೋ ಬಿಟ್ಟುಹೋಗಿದೆ.

14. ಆಮೇಲೆ ಬಂದದ್ದೇ ಉಲ್ಲೇಖ ಒಂದರ ನೋಟಿಸು. ‘ಶುದ್ಧ ವಾಹನವು ನೋಟದಿಂದಾಗಲಿ, ವಾಸನೆಯಿಂದಾಗಲಿ, ಸದ್ದಿನಿಂದಾಗಲಿ ಅಶುದ್ಧ ವಾಹನದಂತೆ ತೋರಿ ಸಾರ್ವಜನಿಕರ ಉತ್ಸಾಹ ಕುಗ್ಗಿಸತಕ್ಕದ್ದಲ್ಲ’ ಎಂಬ ಷರತ್ತನ್ನು ನಾನು ಮುರಿದಿದ್ದೇನಂತೆ. ಡಬ್ಬಿ ಯಾಕೆ ಹಾಕಿದಿರಿ, ಕಾರಣ ತಿಳಿಸಿ, ಇಲ್ಲವಾದರೆ ಪರವಾನಿಗೆ ರದ್ದು. ಮಾನ್ಯರೇ, ನನಗೆ ಬೇರೆ ಕೆಲಸ ಬರುವುದಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ. ಡಬ್ಬಿ ಇಟ್ಟರೆ ಪರವಾನಿಗೆ ಹೋಗುತ್ತದೆ, ಡಬ್ಬಿ ತೆಗೆದರೆ ಮನೆ ಮತ್ತೆ ಬಿಕೋ ಎನ್ನುತ್ತದೆ. ನೋಟಿಸು ಬಂದ ದಿನದಿಂದ ಡಬ್ಬಿಯ ವೈರ್ ಬಿಚ್ಚಿಟ್ಟಿದ್ದೇನೆ. ಹದಿನಾಲ್ಕು ದಿನದಿಂದ ಮತ್ತೆ ಕಟಕ ರೊಟ್ಟಿ ಕಡಿಯುತ್ತಿದ್ದೇನೆ. ಮಾತು ಮಾತ್ರ ಈ ಸಲ ನಿಂತಿಲ್ಲ. ಡಬ್ಬಿ ಹಾಕಿಸಿದವನು ನಾನೇ ಅಲ್ಲವೇ ಎಂದು ಅಷ್ಟು ರಿಯಾಯಿತಿ ಸಿಕ್ಕಿದೆ.

15. ಕಾನೂನಿನ ಅಂಶ. ತಮ್ಮ ನಿಯಮ ಬಂದದ್ದು ಹೊಗೆಗಾಗಿ. ನನ್ನ ಡಬ್ಬಿ ಹೊಗೆ ಬಿಡುವುದಿಲ್ಲ. ಸದ್ದು ಹಳೆಯದು, ಹೊಗೆ ಮಾತ್ರ ಇಲ್ಲ. ಗಣಪತಿ ಹಬ್ಬದಲ್ಲಿ ಈ ನಗರ ತಡೆದುಕೊಳ್ಳುವ ಸದ್ದಿನ ಮುಂದೆ ನನ್ನ ಇಪ್ಪತ್ತು ಸೆಕೆಂಡು ಯಾವ ಲೆಕ್ಕ? ಇನ್ನು ಸಾರ್ವಜನಿಕರ ಉತ್ಸಾಹ ಕುಗ್ಗುತ್ತದೆ ಎಂಬ ಬಗ್ಗೆ: ನಮ್ಮ ಗಲ್ಲಿಯ ಸಾರ್ವಜನಿಕರು ಆ ಸದ್ದು ಬೇಕೇಬೇಕು ಎಂದು ಸಹಿ ಮಾಡಿ ಕೊಟ್ಟಿದ್ದಾರೆ. ಮೊದಲ ಸಹಿ ಶೈಲಾಬಾಯಿಯದು, ಅತ್ಯಂತ ದೊಡ್ಡ ಅಕ್ಷರ.

16. ಇಲ್ಲಿಗೆ ಅರ್ಜಿ ಮುಗಿಸಬೇಕೆಂದಿದ್ದೆ. ಆದರೆ ತಾವು ಕಾರಣ ಕೇಳಿದ್ದೀರಿ, ನಾನು ಇನ್ನೂ ಪೂರ್ತಿ ಕಾರಣ ಕೊಟ್ಟಿಲ್ಲ. ಮೊನ್ನೆ ಈ ಅರ್ಜಿಗಾಗಿ ಚನ್ನಬಸವ್ವಳ ಹೇಳಿಕೆ ಪಡೆಯಲು ಕೂತೆ. ಆಕೆ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಬಹಳ ದಿನದಿಂದ ಹೊಟ್ಟೆಯಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ.

“ನಾ ಇದ್ದಾಗ ನೀ ಯಾಕ ನಗಂಗಿಲ್ಲ?”

“ಇದಾ ನೋಡ್ರಿ, ಇದಾ” ಎಂದಳು. “ನಕ್ಕರ ನೀವು ಕೇಳತೀರಿ, ಯಾಕ ನಗತಿ, ಏನಾತು, ಕಾರಣ ಏನು ಅಂತ. ಲಗ್ನಾದ ವರ್ಷದಿಂದ ಕೇಳಾಕತ್ತೀರಿ. ಕಾರಣ ಹೇಳೂದ್ರಾಗ ನಗಿ ಹೋಗಿರತದ. ಅದಕ್ಕ ನೀವು ಬರೂದ್ರಾಗ ನಕ್ಕು ಮುಗಿಸಿಬಿಡತಿದ್ದೆ. ಗಾಡಿ ಸಪ್ಪಳಾ ಕೇಳಿದ ಕೂಡಲೇ ಎಲ್ಲಾರೂ ಎದ್ದು ಹೋಗತಿದ್ರು, ನಾ ಹಂಚ ಇಡತಿದ್ದೆ.”

“ಅಂದ್ರ ಆ ಸಪ್ಪಳಾ ರೊಟ್ಟಿಗೆ ಅಲ್ಲ?”

“ರೊಟ್ಟಿಗೂ ಹೌದು” ಎಂದು ಜರಡಿ ತಟ್ಟಿದಳು. ತೌಡು ಬದಿಗೆ ಚೆಲ್ಲಿ, “ಸಿಟ್ಟಾಗಬ್ಯಾಡ್ರಿ. ನೀವೇನ ಕೆಟ್ಟವರಲ್ಲ. ಭಾಳ ವಿಚಾರಣಾ ಮಾಡತೀರಿ, ಅಷ್ಟ” ಎಂದಳು.

ಮಾನ್ಯರೇ, ತಮ್ಮ ನೋಟಿಸು ಆಗ ನನ್ನ ಕೈಯಲ್ಲೇ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಕಾರಣ ಕೇಳಿ’ ಎಂದು ಇತ್ತು. ತಮ್ಮಿಂದ ಇಂಥದ್ದು ಒಂದು ಬಂದದ್ದಕ್ಕೆ ನಾನು ಹದಿನಾಲ್ಕು ದಿನ ಸರಿಯಾಗಿ ನಿದ್ದೆ ಮಾಡಿಲ್ಲ. ನಾನು ಆಕೆಗೆ ಇಪ್ಪತ್ನಾಲ್ಕು ವರ್ಷದಿಂದ ದಿನಕ್ಕೊಂದು ಕೊಡುತ್ತ ಬಂದಿದ್ದೇನೆ. ಆಕೆ ಒಂದಕ್ಕೂ ಮೇಲ್ಮನವಿ ಮಾಡಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಇದನ್ನು ಕಚೇರಿಯ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

ಹಾಗಾದರೆ ಸ್ವಭಾವ ಬದಲು ಮಾಡಿಕೊಳ್ಳಿರಿ, ಡಬ್ಬಿ ಯಾಕೆ ಬೇಕು ಎಂದು ತಾವು ಕೇಳಬಹುದು. ಪ್ರಯತ್ನ ನಡೆದಿದೆ. ನಿನ್ನೆ ಆಕೆ ಟಿವಿ ನೋಡಿ ಒಂದು ಸಣ್ಣ ನಗೆ ನಕ್ಕಾಗ ನಾನು ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ಕಟಕ ರೊಟ್ಟಿ ಬಾಯಿಗೆ ಹಾಕಿಕೊಂಡೆ. ಆದರೆ ಡೀಸೆಲ್ ಬಿಡಲು ತಾವು ನಮಗೆ ಎರಡು ವರ್ಷದ ಮುದತು ಕೊಟ್ಟಿದ್ದಿರಿ. ಐವತ್ತಮೂರು ವರ್ಷದ ಚಾಲಕನಿಗೂ ಅಷ್ಟು ಮುದತು ಬೇಕಾಗುತ್ತದೆ. ಅಲ್ಲಿಯವರೆಗೆ ಆಕೆಗೂ ಆಕೆಯ ಗೆಳತಿಯರಿಗೂ, ನಾನು ಬರುವ ಮೊದಲು, ನ್ಯಾಯವಾದ ಮುನ್ಸೂಚನೆ ಸಿಗಬೇಕು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಹಾಗೂ ಕಾರಣಗಳ ಹಿಂದಿನ ಕಾರಣವನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸದರಿ ಡಬ್ಬಿಯನ್ನು ‘ಗೃಹಶಾಂತಿ ಉಪಕರಣ’ ಎಂದು ನೋಂದಾಯಿಸಿಕೊಂಡು, ಗಿರಣಿಯ ಮೂಲೆಯಿಂದ ಚಾಳ ನಂ. 4ರ ಬಾಗಿಲಿನವರೆಗೆ ಮಾತ್ರ, ದಿನಕ್ಕೊಮ್ಮೆ, ಎರಡು ವರ್ಷಗಳ ಅವಧಿಗೆ ಬಾರಿಸಲು ಅನುಮತಿ ನೀಡಬೇಕೆಂದೂ, ನನ್ನ ಪರವಾನಿಗೆಯನ್ನು ಉಳಿಸಬೇಕೆಂದೂ, ಶ್ರೀ ಸ್ವಪ್ನಿಲ್ ಇವರ ಅಂಗಿಗೆ ಹತ್ತಿದ ಭಂಡಾರ ನಿಂಬೆಹುಳಿ ಹಚ್ಚಿ ಬಿಸಿಲಿಗೆ ಹಾಕಿದರೆ ಹೋಗುತ್ತದೆಂದು ಅವರಿಗೆ ತಿಳಿಸಬೇಕೆಂದೂ ಕೈಮುಗಿದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿಯೂ, ಹೊಗೆಯ ಮಟ್ಟಿಗೆ ನಿರ್ದೋಷಿಯೂ ಆದ,
ಹೊಳಬಸಪ್ಪ ಶಿ. ಹಂಚಿನಾಳ (ಸಹಿ)

ಓದಿಸಿ ಕೇಳಿದ್ದೇನೆ, ರೊಟ್ಟಿಯ ದಪ್ಪದ ಮಾತು ಬಿಟ್ಟು ಉಳಿದದ್ದು ಖರೆ ಅದ:
ಚನ್ನಬಸವ್ವ ಹೊ. ಹಂಚಿನಾಳ (ಸಹಿ)

ಅಡಕಗಳು:
1. ನೋಟಿಸಿನ ಪ್ರತಿ. (ಎಣ್ಣೆಯ ಕಲೆ ನಮ್ಮದು.)
2. ಹಳೆಯ ಗಾಡಿ ಮುರಿಸಿದ ಪ್ರಮಾಣಪತ್ರ.
3. ಗಲ್ಲಿಯವರ ಸಹಿಗಳು, ಒಟ್ಟು ಮೂವತ್ತೊಂದು. ಹೆಬ್ಬೆಟ್ಟು ನಾಲ್ಕು.
4. ಸದರಿ ಸದ್ದು ಇರುವ ಪೆನ್ ಡ್ರೈವ್ ಒಂದು. (ಒಳಗೆ ಮಾತಾಡುವವರು ಶಮಂತ್ ಅವರ ಮ್ಯಾನೇಜರ್. ಗಾಬರಿ ಬೇಡ.)
5. ಕಟಕ ರೊಟ್ಟಿ ಒಂದು, ಸಾಕ್ಷ್ಯಕ್ಕಾಗಿ. ಕಡಿಯುವ ಮೊದಲು ತಮ್ಮ ಹಲ್ಲಿನ ವಿಚಾರ ಮಾಡಿ.

ವಿಶೇಷ ಸೂಚನೆ: ಇದನ್ನು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅರ್ಜಿದಾರನ ಪತ್ನಿ ಇದನ್ನು ನೋಡಿಲ್ಲ. ಕೃಷ್ಣಾಜಿಯವರೇ, ಅನುವಾದ ಮಾಡಿ, ಆದರೆ ಮನೆಯಲ್ಲಿ ಬಾಯಿ ಬಿಡಬೇಡಿ.

ಡಬ್ಬಿ ಬಾರಿಸಿದ ನಾಲ್ಕು ದಿನಗಳಲ್ಲಿ ಎರಡನೆಯ ದಿನ ವೈರ್ ಸಡಿಲಾಗಿ, ಗಿರಣಿಯ ಮೂಲೆಯಲ್ಲಿ ಆರು ನಿಮಿಷ ನಿಲ್ಲಬೇಕಾಯಿತು. ಗಾಜು ಇಳಿಸಿದ್ದೆ. ಗಾಡಿ ಸದ್ದು ಮಾಡುವುದಿಲ್ಲವಾದ್ದರಿಂದ ನಮ್ಮ ಮನೆಯ ನಗು ಅಲ್ಲಿಯವರೆಗೆ ಕೇಳಿಸಿತು. ಬೆಳಿಗ್ಗೆ ಬಾಗಿಲಲ್ಲಿ ನಾನು ಡಬ್ಬಿಯ ವೈರ್‌ಗೆ ಬೈದದ್ದನ್ನೇ ಆಕೆ ನನ್ನ ಧ್ವನಿಯಲ್ಲಿ ಮಾಡಿ ತೋರಿಸುತ್ತಿದ್ದಳು. ಬಹಳ ಚೆನ್ನಾಗಿ ಮಾಡುತ್ತಾಳೆ. ಒಬ್ಬನೇ ಗಾಡಿಯಲ್ಲಿ ಕೂತು ನಾನೂ ನಕ್ಕೆ.

ಸದರಿ ಗಿರಣಿಯ ಮೂಲೆಯಲ್ಲಿ ವಾಹನ ನಿಲ್ಲಿಸುವುದಕ್ಕೆ ನಿಷೇಧ ಇದೆ. ಆದ್ದರಿಂದ ಪ್ರತಿದಿನ ಸಂಜೆ ಆರು ಮುಕ್ಕಾಲರಿಂದ ಏಳರವರೆಗೆ, ಡಬ್ಬಿ ಬಾರಿಸುವ ಮೊದಲು, ನನ್ನ ಗಾಡಿಯನ್ನು ಅಲ್ಲಿ ಸುಮ್ಮನೆ ನಿಲ್ಲಿಸಿಕೊಳ್ಳಲು ಹದಿನೈದು ನಿಮಿಷಗಳ ಪ್ರತ್ಯೇಕ ಅನುಮತಿ ಕೊಡಬೇಕೆಂದೂ, ದಯಮಾಡಿ ಕಾರಣ ಕೇಳಬಾರದೆಂದೂ ವಿನಂತಿ.